ಸಣ್ಣ ಭಯಾನಕ ಕಥೆಗಳ ಸಂಕಲನಗಳು ನಮ್ಮನ್ನು ಹಿಡಿದಿಡುವುದು ಯಾವುದರಿಂದ?

ಇರುಳೋದುಗ:

ಭಯಾನಕ ಸಾಹಿತ್ಯದಲ್ಲಿ ರುಚಿಯುಳ್ಳ ಅನೇಕರು ಕಾದಂಬರಿಗಳಿಗಿಂತ ಸಣ್ಣಕಥೆಗಳ ಸಂಕಲನಗಳನ್ನೇ ಹೆಚ್ಚು ಮೆಚ್ಚುವುದನ್ನು ಗಮನಿಸಿದ್ದೇನೆ. ನಾನೂ ಆ ಗುಂಪಿನವನೇ. ಪ್ರೇಮದ ಕಥೆಯನ್ನೋ ಇತಿಹಾಸದ ಕಥೆಯನ್ನೋ ಓದುವಾಗ ನನಗೆ ಇಂಥ ಪಕ್ಷಪಾತವಿಲ್ಲ. ಅಲ್ಲಿ ಪುಟಗಳು ಹೆಚ್ಚಿದಷ್ಟೂ ಸಂತೋಷವೇ. ಹೆದರಿಕೆಯ ವಿಷಯಕ್ಕೆ ಬಂದಾಗ ಮಾತ್ರ ಹದಿನೈದು ಪುಟಗಳ ಕಥೆಯೊಂದು ಮಾಡುವ ಕೆಲಸವನ್ನು ನಾನೂರು ಪುಟಗಳ ಕಾದಂಬರಿ ಮಾಡುವುದು ಅಪರೂಪ ಎನ್ನಿಸುತ್ತದೆ. ಏಕೆ ಹೀಗೆ ಎಂಬುದನ್ನು ಇಲ್ಲಿ ಚರ್ಚಿಸಬೇಕೆಂದು ನನ್ನ ಆಸೆ.

ಇದಕ್ಕೆ ಸಾಮಾನ್ಯವಾಗಿ ಕೊಡುವ ಉತ್ತರ ಎಡ್ಗರ್ ಅಲನ್ ಪೋನದು. 1842ರಲ್ಲಿ ನಥಾನಿಯಲ್ ಹಾಥಾರ್ನನ ಕಥೆಗಳನ್ನು ವಿಮರ್ಶಿಸುತ್ತ ಅವನು, ಕಥೆಗಾರನಾದವನು ಮೊದಲು ಒಂದೇ ಒಂದು ಪರಿಣಾಮವನ್ನು ಮನಸ್ಸಿನಲ್ಲಿ ಗಟ್ಟಿಮಾಡಿಕೊಂಡು, ಅದಕ್ಕೆ ಒದಗುವ ಘಟನೆಗಳನ್ನಷ್ಟೇ ಹೆಣೆಯಬೇಕು, ಮೊದಲ ವಾಕ್ಯವೇ ಆ ಪರಿಣಾಮದ ಕಡೆಗೆ ಹೊರಳಿರದಿದ್ದರೆ ಅವನು ಮೊದಲ ಹೆಜ್ಜೆಯಲ್ಲೇ ಸೋತಂತೆ ಎಂದು ವಾದಿಸಿದ. 1846ರ ಪ್ರಬಂಧದಲ್ಲಿ ಇದೇ ಮಾತನ್ನು ಮುಂದುವರಿಸಿ, ಕೃತಿಯನ್ನು ಓದಿ ಮುಗಿಸಲು ಎರಡು ಸಲ ಕೂರಬೇಕಾಗಿ ಬಂದರೆ ನಡುವೆ ಲೋಕವ್ಯವಹಾರ ನುಗ್ಗಿ ಅದರ ಅಖಂಡತೆ ಹಾಳಾಗುತ್ತದೆ ಎಂದ. ಒಪ್ಪತಕ್ಕ ಮಾತೇ. ಆದರೆ ಇದು ಎಲ್ಲ ಸಣ್ಣಕಥೆಗಳಿಗೂ ಸಲ್ಲುವ ಮಾತಾದ್ದರಿಂದ, ಭಯಕ್ಕೂ ಗಾತ್ರಕ್ಕೂ ಇರುವ ವಿಶೇಷ ನಂಟನ್ನು ಇದು ವಿವರಿಸುವುದಿಲ್ಲ.

ನನ್ನ ಊಹೆ ಬೇರೆಯದು. ನಾನೂರು ಪುಟಗಳನ್ನು ತುಂಬಬೇಕಾದ ಲೇಖಕ ತನ್ನ ಪಿಶಾಚಿಗೆ ಒಂದು ಹುಟ್ಟನ್ನು, ಒಂದು ಉದ್ದೇಶವನ್ನು, ಕೊನೆಗೆ ಒಂದು ದೌರ್ಬಲ್ಯವನ್ನೂ ಕೊಡಲೇಬೇಕಾಗುತ್ತದೆ. ಅದು ಎಲ್ಲಿಂದ ಬಂತು, ಯಾಕೆ ಬಂತು, ಏನು ಮಾಡಿದರೆ ಹೋಗುತ್ತದೆ ಎಂಬುದು ತಿಳಿದ ಮೇಲೆ ಉಳಿಯುವುದು ಅಪಾಯವೇ ಹೊರತು ಭಯವಲ್ಲ. ಸಣ್ಣಕಥೆಗೆ ಈ ಹಂಗಿಲ್ಲ. ವಿವರಣೆ ಬಂದು ಬಾಗಿಲಲ್ಲಿ ನಿಲ್ಲುವ ಮೊದಲೇ ಅದು ಮುಗಿದುಹೋಗಿರುತ್ತದೆ.

ಹಳೆಪುಟ:

ಇರುಳೋದುಗರ ಮಾತಿಗೆ ಒಂದು ತಿದ್ದುಪಡಿ ಸೂಚಿಸಬೇಕೆನ್ನಿಸುತ್ತದೆ. ವಿವರಿಸದೆ ಬಿಟ್ಟ ಮಾತ್ರಕ್ಕೆ ಕಥೆ ಭಯ ಹುಟ್ಟಿಸುವುದಿಲ್ಲ. ಹಾಗಿದ್ದಿದ್ದರೆ ಅರ್ಧಕ್ಕೆ ನಿಂತ ಎಲ್ಲ ಕಥೆಗಳೂ ಭಯಾನಕವಾಗಬೇಕಿತ್ತು. ಏನನ್ನು ಹೇಳದೆ ಬಿಟ್ಟಿದ್ದಾರೋ ಅದನ್ನು ಓದುಗ ತಾನೇ ಕಟ್ಟಿಕೊಳ್ಳಲು ಬೇಕಾದ ಸಾಮಗ್ರಿಯನ್ನು ಕಥೆ ಮೊದಲೇ ಅವನ ಕೈಗೆ ಕೊಟ್ಟಿರಬೇಕು.

ಡಬ್ಲ್ಯು. ಡಬ್ಲ್ಯು. ಜೇಕಬ್ಸ್ ಬರೆದ, 1902ರಲ್ಲಿ ಪ್ರಕಟವಾದ ‘ದಿ ಮಂಕೀಸ್ ಪಾ’ ಕಥೆಯನ್ನು ಬಹುತೇಕ ಎಲ್ಲರೂ ಓದಿರುತ್ತೀರಿ. ಮೂರು ಕೋರಿಕೆಗಳನ್ನು ಈಡೇರಿಸುವ ಒಣಗಿದ ಕೋತಿಯ ಕೈ. ಮೊದಲು ಇನ್ನೂರು ಪೌಂಡ್ ಬೇಡಿದಾಗ ಮಗ ಕಾರ್ಖಾನೆಯ ಯಂತ್ರಕ್ಕೆ ಸಿಕ್ಕಿ ಸತ್ತು, ಅಷ್ಟೇ ಮೊತ್ತ ಪರಿಹಾರವಾಗಿ ಬರುತ್ತದೆ. ಮಗ ಬದುಕಿ ಬರಲಿ ಎಂಬುದು ತಾಯಿಯ ಒತ್ತಾಯಕ್ಕೆ ಮಣಿದು ತಂದೆ ಕೇಳುವ ಎರಡನೆಯ ಕೋರಿಕೆ. ಆ ಕೋರಿಕೆಗೆ ಮೊದಲು ತಂದೆ ಹೇಳುವ ಒಂದು ಮಾತನ್ನು ಗಮನಿಸಿ: ಶವವನ್ನು ತಾನು ಬಟ್ಟೆಯಿಂದಷ್ಟೇ ಗುರುತಿಸಿದೆ ಎಂದು ಅವನು ಹೆಂಡತಿಗೆ ಹೇಳುತ್ತಾನೆ. ಇಡೀ ಕಥೆಯಲ್ಲಿ ಗಾಯದ ಬಗ್ಗೆ ಇರುವ ವಿವರ ಹೆಚ್ಚುಕಡಿಮೆ ಅಷ್ಟೆ. ಒಂದು ಹನಿ ರಕ್ತವನ್ನೂ ತೋರಿಸದೆ ಕಥೆಗಾರ ಆ ಮುಖವನ್ನು ಓದುಗನೊಳಗೆ ಇಳಿಸಿಬಿಟ್ಟಿರುತ್ತಾನೆ.

ಆಮೇಲೆ ತುಸು ಹೊತ್ತು ಏನೂ ಆಗುವುದಿಲ್ಲ. ಇಬ್ಬರೂ ಹೋಗಿ ಮಲಗುತ್ತಾರೆ. ಬಳಿಕ ಬಾಗಿಲು ತಟ್ಟಿದ ಸದ್ದು, ಮೊದಲು ಕೇಳಿಯೂ ಕೇಳದಷ್ಟು ಮೆಲ್ಲಗೆ. ಆಗ ತಾಯಿ, ಸ್ಮಶಾನ ಎರಡು ಮೈಲಿ ದೂರದಲ್ಲಿದೆ ಎಂಬುದನ್ನೇ ಮರೆತಿದ್ದೆ ಎನ್ನುತ್ತಾಳೆ. ನನ್ನ ದೃಷ್ಟಿಯಲ್ಲಿ ಕಥೆಯ ಅತಿ ಭೀಕರ ವಾಕ್ಯ ಇದೇ. ಅವಳಿಗೆ ಅದು ತಡವಾದುದಕ್ಕೆ ಸಿಕ್ಕ ಸಮಾಧಾನ. ನಮಗೆ ಮಾತ್ರ ಆ ಎರಡು ಮೈಲಿಯನ್ನು ಇಷ್ಟು ಹೊತ್ತು ಯಾರೋ ನಡೆದು ಬಂದಿದ್ದಾರೆ ಎಂಬ ಅರಿವು. ಅವಳು ಮೇಲಿನ ಅಗುಳಿಗೆ ಕೈ ನಿಲುಕದೆ ಕುರ್ಚಿಯನ್ನು ಎಳೆದುಕೊಳ್ಳುತ್ತಿರುವಾಗ, ತಂದೆ ಕತ್ತಲಲ್ಲಿ ನೆಲ ತಡಕುತ್ತ ಆ ಪಂಜವನ್ನು ಹುಡುಕುತ್ತಿರುತ್ತಾನೆ. ಮೂರನೆಯ ಕೋರಿಕೆ ಏನೆಂದು ಕಥೆ ಹೇಳುವುದೇ ಇಲ್ಲ. ಬಾಗಿಲು ತೆರೆದಾಗ ಹೊರಗೆ ಬೀದಿದೀಪದ ಕೆಳಗೆ ಖಾಲಿ ರಸ್ತೆ.

ಬಾಗಿಲಾಚೆ ನಿಂತದ್ದು ಏನು ಎಂದು ಯಾರನ್ನೇ ಕೇಳಿದರೂ ಬಣ್ಣಿಸಬಲ್ಲರು. ಬಟ್ಟೆ, ಯಂತ್ರ, ಎರಡು ಮೈಲಿ: ಇಷ್ಟೇ ಸಾಮಗ್ರಿ. ಕೆಲವೇ ಪುಟಗಳ ಹಿಂದೆ ಓದಿದ್ದರಿಂದ ಇವೆಲ್ಲ ಇನ್ನೂ ಮನಸ್ಸಿನಲ್ಲಿ ಹಸಿಯಾಗಿರುತ್ತವೆ ಎಂಬುದೇ ಸಣ್ಣಕಥೆಗಿರುವ ಅನುಕೂಲ. ಕಾದಂಬರಿಯಲ್ಲಾದರೆ ಇನ್ನೂರು ಪುಟಗಳ ಹಿಂದಿನ ಬಟ್ಟೆಯ ಮಾತನ್ನು ಲೇಖಕ ಮತ್ತೊಮ್ಮೆ ನೆನಪಿಸಬೇಕಾಗುತ್ತಿತ್ತು. ನೆನಪಿಸಿದ ಕೂಡಲೇ ಅದರ ವಿಷ ಇಳಿದುಹೋಗುತ್ತಿತ್ತು.

ದೀರ್ಘಕಥನ:

ನಾನು ಎದುರು ಪಕ್ಷದವನು. ಕಾದಂಬರಿ ವಿವರಿಸಿಯೇ ತೀರುತ್ತದೆ ಎಂಬ ಇರುಳೋದುಗರ ಆರೋಪ ಕೆಟ್ಟ ಕಾದಂಬರಿಗಳ ಮಟ್ಟಿಗೆ ನಿಜ, ಒಳ್ಳೆಯವಕ್ಕೆ ಸಲ್ಲದು. 1897ರ ‘ಡ್ರಾಕುಲಾ’ವನ್ನೇ ತೆಗೆದುಕೊಳ್ಳಿ. ಮೊದಲ ಕೆಲವು ಅಧ್ಯಾಯಗಳ ನಂತರ ರಕ್ತಪಿಶಾಚಿಯಾದ ಕೌಂಟ್ ಡ್ರಾಕುಲಾ ನಮ್ಮ ಕಣ್ಣಿಗೆ ಬೀಳುವುದೇ ಅಪರೂಪ. ಪತ್ರಗಳು, ದಿನಚರಿಗಳು, ಪತ್ರಿಕೆಯ ತುಣುಕುಗಳ ನಡುವಿನ ಸಂದುಗಳಲ್ಲಿ ಅವನು ಓಡಾಡುತ್ತಾನೆ. ಅವನಿಗೆ ಬಲಿಯಾಗುವ ಲೂಸಿ ದಿನದಿಂದ ದಿನಕ್ಕೆ ಬಿಳಿಚಿಕೊಳ್ಳುವುದನ್ನು, ಸುತ್ತಲಿನವರು ಪ್ರತಿ ರಾತ್ರಿ ಇಂದು ಉಳಿದಾಳು ಎಂದು ನಂಬುವುದನ್ನು ಪುಟಗಟ್ಟಲೆ ನೋಡುವ ಸಂಕಟವನ್ನು ಯಾವ ಸಣ್ಣಕಥೆ ಕೊಡಬಲ್ಲದು? ಪರಿಚಯವಾಗಿ ಹತ್ತು ನಿಮಿಷವೂ ಆಗದ ಪಾತ್ರಕ್ಕೆ ಏನಾದರೂ ಆದೀತೆಂಬ ಭಯ ಎಷ್ಟು ಆಳಕ್ಕೆ ಇಳಿದೀತು?

ಸಂಕಲನಗಳ ಬಗ್ಗೆ ನನ್ನ ಮುಖ್ಯ ದೂರು ಇದಲ್ಲ, ಅಭ್ಯಾಸ ಬೆಳೆದುಬಿಡುವುದು. ನಾಲ್ಕನೆಯ ಕಥೆಯ ಹೊತ್ತಿಗೆ ಓದುಗ ಪತ್ತೇದಾರನಾಗಿರುತ್ತಾನೆ. ಹಳೆಯ ಕನ್ನಡಿಯೊಂದು ಕಂಡರೆ ಸಾಕು, ಹೀಗಾಗುತ್ತದೆ ಎಂದು ಲೆಕ್ಕ ಹಾಕಲು ಕೂರುತ್ತಾನೆ. ನಮ್ಮ ಬೇತಾಳನ ಇಪ್ಪತ್ತೈದು ಕಥೆಗಳನ್ನು ನೆನೆದುಕೊಳ್ಳಿ. ಸ್ಮಶಾನ, ಮರಕ್ಕೆ ತೂಗುವ ಹೆಣ, ಅದನ್ನು ಹೆಗಲ ಮೇಲೆ ಹೊತ್ತು ನಡೆಯುವ ರಾಜ: ಇದಕ್ಕಿಂತ ಭಯಾನಕವಾದ ಸನ್ನಿವೇಶ ಕಥಾಸಾಹಿತ್ಯದಲ್ಲಿ ಹೆಚ್ಚಿಲ್ಲ. ಆದರೆ ಹೆಣ ಮಾತಾಡಿ, ರಾಜ ಉತ್ತರಿಸಿ, ಅದು ಮತ್ತೆ ಮರಕ್ಕೆ ಹಾರುವುದು ಐದಾರು ಬಾರಿ ಆದ ಮೇಲೆ ಹೆಣದ ಭಯ ಯಾರಿಗೆ ಉಳಿದಿರುತ್ತದೆ? ನಾವು ಒಗಟಿನ ಉತ್ತರಕ್ಕೆ ಕಾಯುತ್ತಿರುತ್ತೇವೆ. ಪುನರಾವೃತ್ತಿ ಭಯವನ್ನು ಕೊಲ್ಲುತ್ತದೆ, ಮತ್ತು ಸಂಕಲನವೆಂದರೆ ಪುನರಾವೃತ್ತಿಯೇ.

ಪರಿವಿಡಿ:

ಪುಸ್ತಕಗಳ ಸಂಪಾದನೆಯ ಕೆಲಸದಲ್ಲಿ ಒಂದಷ್ಟು ಕಾಲ ಕಳೆದವಳಾದ್ದರಿಂದ ದೀರ್ಘಕಥನರ ದೂರಿಗೆ ನನ್ನ ಕಡೆಯಿಂದಲೇ ಉತ್ತರ ಬರಬೇಕು. ಅವರು ಹೇಳುವ ಅಭ್ಯಾಸದ ಅಪಾಯ ನಿಜವಾದದ್ದು. ಒಳ್ಳೆಯ ಸಂಕಲನವನ್ನು ಕಟ್ಟುವವರ ಅರ್ಧ ಶ್ರಮ ಅದನ್ನು ಮುರಿಯುವುದಕ್ಕೇ ಹೋಗುತ್ತದೆ. ದೆವ್ವದ ಕಥೆಯ ಬೆನ್ನಿಗೆ ಇನ್ನೊಂದು ದೆವ್ವದ ಕಥೆ ಇಡುವುದಿಲ್ಲ. ಉತ್ತಮ ಪುರುಷ ನಿರೂಪಣೆಯ ಎರಡು ಕಥೆಗಳು ಅಕ್ಕಪಕ್ಕದಲ್ಲಿದ್ದರೆ ಎರಡನೆಯ ‘ನಾನು’ ಮೊದಲನೆಯವನಂತೆಯೇ ಕೇಳಿಸುತ್ತಾನೆ. ಅತಿ ಬಲವಾದ ಕಥೆಯನ್ನು ಮೊದಲಿಗೇ ಇಟ್ಟರೆ ಉಳಿದವು ಸಪ್ಪೆಯಾಗುತ್ತವೆ. ಕೊನೆಗೆ ಇಟ್ಟರೆ ಅಲ್ಲಿಯವರೆಗೆ ತಲುಪುವವರು ಕಡಿಮೆ. ಹಾಗಾಗಿ ಎರಡನೆಯ ಅಥವಾ ಮೂರನೆಯ ಸ್ಥಾನಕ್ಕೆ ಅದನ್ನು ತರುವುದನ್ನು ನಾನು ಇಷ್ಟಪಡುತ್ತೇನೆ.

ಇದಕ್ಕಿಂತ ಮುಖ್ಯವಾದದ್ದು, ಏನೂ ಆಗದ ಕಥೆ. ಹತ್ತು ಕಥೆಗಳಲ್ಲಿ ಒಂದರಲ್ಲಾದರೂ ಅಲೌಕಿಕವಾದದ್ದು ಬರಲೇಬಾರದು. ಬಾಗಿಲು ತಟ್ಟಿದವನು ಮನುಷ್ಯನೇ ಆಗಿರಬೇಕು, ಇಲ್ಲವೇ ನಗು ತರಿಸುವ ಯಾವುದೋ ಕಾರಣವಿರಬೇಕು. ಹಳೆಪುಟ ಅವರು ಬಣ್ಣಿಸಿದ ಕಥೆ ಪುಸ್ತಕರೂಪದಲ್ಲಿ ಬಂದದ್ದು ‘ದಿ ಲೇಡಿ ಆಫ್ ದಿ ಬಾರ್ಜ್’ ಎಂಬ ಸಂಕಲನದಲ್ಲಿ. ಜೇಕಬ್ಸ್‌ಗೆ ಹೆಸರು ತಂದದ್ದು ನಾವಿಕರ ಬಗೆಗಿನ ಹಾಸ್ಯಕಥೆಗಳು, ಆ ಪುಸ್ತಕದಲ್ಲಿಯೂ ಹೆಚ್ಚಿನವು ಹಾಸ್ಯದವೇ. ನಗಲೆಂದು ಪುಸ್ತಕ ಕೊಂಡವರ ಎದುರಿಗೆ ಯಾವ ಮುನ್ಸೂಚನೆಯೂ ಇಲ್ಲದೆ ಆ ಕೋತಿಯ ಪಂಜ ಬಂದಿರಬೇಕು. ಕಥೆ ಆರಂಭವಾಗುವುದು ಕೂಡ ಬೆಂಕಿಯ ಪಕ್ಕ ಅಪ್ಪ ಮಗ ಚದುರಂಗ ಆಡುವ ಹಗುರವಾದ ದೃಶ್ಯದಿಂದಲ್ಲವೇ? ‘ಭಯಾನಕ ಕಥೆಗಳು’ ಎಂದು ಮುಖಪುಟದಲ್ಲಿ ಅಚ್ಚು ಹಾಕಿದ ಪುಸ್ತಕಕ್ಕೆ ಈ ಅದೃಷ್ಟವಿಲ್ಲ. ಕಪ್ಪು ಹೊದಿಕೆ, ಕೆಂಪು ಅಕ್ಷರ, ತಲೆಬುರುಡೆಯ ಚಿತ್ರ ಇವುಗಳನ್ನು ನಾನು ಒಲ್ಲೆನೆನ್ನುವುದು ಇದಕ್ಕೇ. ಮಾರಾಟದವರು ನನ್ನ ಮಾತನ್ನು ಕೇಳಿದ್ದು ಕಡಿಮೆ ಎಂಬುದು ಬೇರೆ ಸಂಗತಿ.

ರಸಿಕ:

ಚರ್ಚೆ ಪಾಶ್ಚಾತ್ಯ ಕಥೆಗಳ ಸುತ್ತಲೇ ಸುತ್ತುತ್ತಿದೆ. ಗಾತ್ರಕ್ಕೂ ಭಯಕ್ಕೂ ಇರುವ ನಂಟಿನ ಬಗ್ಗೆ ನಮ್ಮ ಅಲಂಕಾರಶಾಸ್ತ್ರದಲ್ಲೇ ಒಂದು ಸೊಗಸಾದ ಉದಾಹರಣೆ ಇದೆ. ಶಾಕುಂತಲದ ಮೊದಲ ಅಂಕದಲ್ಲಿ ದುಷ್ಯಂತನ ರಥಕ್ಕೆ ಹೆದರಿ ಓಡುವ ಜಿಂಕೆಯ ಶ್ಲೋಕ ನಿಮಗೆಲ್ಲ ಗೊತ್ತಿರುವುದೇ. ಕೊರಳನ್ನು ಹೊರಳಿಸಿ ಮತ್ತೆ ಮತ್ತೆ ಹಿಂದಕ್ಕೆ ನೋಡುತ್ತದೆ. ಬಾಣ ತಗಲೀತೆಂದು ಹಿಂಭಾಗವನ್ನೆಲ್ಲ ಮುಂಭಾಗದೊಳಕ್ಕೆ ಸೆಳೆದುಕೊಳ್ಳುತ್ತದೆ. ಏದುಸಿರಿಗೆ ತೆರೆದ ಬಾಯಿಂದ ಅರ್ಧ ಅಗಿದ ದರ್ಭೆ ದಾರಿಯುದ್ದಕ್ಕೂ ಉದುರುತ್ತದೆ. ಭಯಾನಕ ರಸವನ್ನು ಓದುಗ ಹೇಗೆ ಆಸ್ವಾದಿಸುತ್ತಾನೆಂದು ವಿವರಿಸಲು ಕಾಶ್ಮೀರದ ಅಲಂಕಾರಶಾಸ್ತ್ರಜ್ಞ ಅಭಿನವಗುಪ್ತ ಎತ್ತಿಕೊಂಡದ್ದು ಇದೇ ಶ್ಲೋಕವನ್ನು. ಇಲ್ಲಿ ಹೆದರಿದ್ದು ಇಂಥ ಜಿಂಕೆ, ಇಂಥ ಜಾಗ, ಇಂಥ ಹೊತ್ತು ಎಂಬ ಎಲ್ಲೆಗಳು ಕಳಚಿ, ದೇಶಕಾಲಗಳ ಸೋಂಕಿಲ್ಲದ ಭಯವೊಂದೇ ಉಳಿಯುತ್ತದೆ ಎಂಬುದು ಅವನ ವಾದ.

ನಾಲ್ಕು ಪಾದಗಳಲ್ಲಿ ಇದು ಸಾಧ್ಯವಾಗಿದೆ ಎಂಬುದನ್ನು ದೀರ್ಘಕಥನರು ಗಮನಿಸಬೇಕೆಂದು ಕೋರುತ್ತೇನೆ. ಆ ಜಿಂಕೆಯ ಪರಿಚಯ ನಮಗೆ ಹತ್ತು ನಿಮಿಷವಿರಲಿ, ಹತ್ತು ಕ್ಷಣವೂ ಇರಲಿಲ್ಲ. ಪಾತ್ರದ ಮೇಲಿನ ಮಮತೆ ಹೆಚ್ಚಿದಂತೆ ಹುಟ್ಟುವುದು ಆತಂಕ, ಮುಂದೆ ಶೋಕ. ನೀವು ಲೂಸಿಯ ಬಗ್ಗೆ ಹೇಳಿದ್ದು ಕರುಣ ರಸಕ್ಕೆ ಹತ್ತಿರವಾದ ಅನುಭವ ಎಂದು ನನ್ನ ಅನಿಸಿಕೆ. ಶುದ್ಧ ಭಯಕ್ಕೆ ಪಾತ್ರದ ಹೆಸರೂ ಬೇಕಾಗಿಲ್ಲ.

ಇನ್ನೊಂದು ಮಾತು. ನಾಟ್ಯಶಾಸ್ತ್ರದ ಭರತ ಭಯಾನಕವನ್ನೂ ಬೀಭತ್ಸವನ್ನೂ ಎರಡು ಬೇರೆ ರಸಗಳಾಗಿ ಎಣಿಸಿದ. ಒಂದರ ಸ್ಥಾಯಿ, ಅಂದರೆ ಬುನಾದಿಯ ಭಾವ, ಭಯ; ಇನ್ನೊಂದರದು ಜುಗುಪ್ಸೆ. ಇಂದಿನ ಹಲವು ಸಂಕಲನಗಳು ಈ ಗಡಿಯನ್ನು ಮರೆತು, ಕರುಳು ಕಿತ್ತು ತೋರಿಸಿದರೆ ಓದುಗ ಹೆದರುತ್ತಾನೆಂದು ನಂಬಿವೆ. ಜುಗುಪ್ಸೆಗೆ ಒಳಗಾದವನು ಮುಖ ತಿರುಗಿಸುತ್ತಾನೆ. ಹೆದರಿದವನು ಆ ಜಿಂಕೆಯ ಹಾಗೆ ತಿರುತಿರುಗಿ ನೋಡುತ್ತಾನೆ.

ದೀರ್ಘಕಥನ:

ಜಿಂಕೆಯ ಉದಾಹರಣೆಗೆ ತಲೆಬಾಗುತ್ತೇನೆ, ಆದರೆ ಸೋಲೊಪ್ಪುವುದಿಲ್ಲ. ಆ ಶ್ಲೋಕ ನಿಂತಿರುವುದು ಏಳು ಅಂಕಗಳ ನಾಟಕದೊಳಗೆ. ಅದನ್ನು ಕಿತ್ತು ತೆಗೆದು ಬಿಡಿ ಮುಕ್ತಕವಾಗಿ ಆಸ್ವಾದಿಸುವುದು ವಿಮರ್ಶಕರ ಅಭ್ಯಾಸ; ನಾಟಕ ನೋಡುವವನಿಗೆ ಅದರ ಮುಂದೆಯೇ ಆಶ್ರಮದವರ ತಡೆಯಿದೆ, ರಾಜ ಬಾಣವನ್ನು ಹಿಂದಕ್ಕೆ ಪಡೆಯುವುದಿದೆ. ಭಯ ಅಲ್ಲಿ ದೊಡ್ಡ ಕೃತಿಯೊಳಗಿನ ಒಂದು ಗಳಿಗೆ. ಕಾದಂಬರಿಯಲ್ಲೂ ಅಂಥ ಗಳಿಗೆಗಳಿರುತ್ತವೆ ಎಂಬುದಷ್ಟೇ ನನ್ನ ವಾದ.

ಕೇಳುಗ:

ಓದುವುದರ ಬಗ್ಗೆಯೇ ಎಲ್ಲರೂ ಹೇಳುತ್ತಿದ್ದೀರಿ, ಗಟ್ಟಿಯಾಗಿ ಓದಿ ಹೇಳುವುದರ ಬಗ್ಗೆ ಯಾರೂ ಹೇಳಲಿಲ್ಲ. ಭಯದ ಕಥೆ ಚಿಕ್ಕದಾಗಿರುವುದಕ್ಕೆ ಅದು ಮೂಲದಲ್ಲಿ ಬಾಯಿಮಾತಿನದು ಎಂಬುದೂ ಕಾರಣವಲ್ಲವೇ? ಇಂಗ್ಲಿಷ್ ವಿದ್ವಾಂಸ ಎಂ. ಆರ್. ಜೇಮ್ಸ್ ತನ್ನ ದೆವ್ವದ ಕಥೆಗಳಲ್ಲಿ ಎಷ್ಟನ್ನೋ ಬರೆದದ್ದು ಕೇಂಬ್ರಿಜ್‌ನ ಕಿಂಗ್ಸ್ ಕಾಲೇಜಿನಲ್ಲಿ ಕ್ರಿಸ್‌ಮಸ್ ಹೊತ್ತಿಗೆ ಸೇರುತ್ತಿದ್ದ ಸ್ನೇಹಿತರಿಗೆ ಓದಿ ಹೇಳಲಿಕ್ಕೆ. ಮೊದಲ ಸಂಕಲನ 1904ರಲ್ಲಿ ಬಂತು. ಕೇಳುವವರು ಎದುರಿಗೇ ಕೂತಿರುವಾಗ ಯಾವ ವಾಕ್ಯದಲ್ಲಿ ಅವರ ಗಮನ ಜಾರುತ್ತದೆಂಬುದು ಬರೆಯುವವನಿಗೆ ಗೊತ್ತಿರುತ್ತದೆ. ಅವನ ಹೆಸರಾಂತ ಕಥೆಯೊಂದರಲ್ಲಿ ಹೆದರಿಸುವುದು ಪಕ್ಕದ ಖಾಲಿ ಹಾಸಿಗೆಯ ಮೇಲಿನ ಬಟ್ಟೆ ಮಾತ್ರ. ಅದು ಎದ್ದು ಕೂರುತ್ತದೆ, ಅಷ್ಟೆ. ಕೇಳಿದವರೆಲ್ಲ ಆ ರಾತ್ರಿ ಹೋಗಿ ಮಲಗಬೇಕಾದದ್ದು ಅಂಥದೇ ಹಾಸಿಗೆಯಲ್ಲಿ ಎಂಬುದನ್ನು ಜೇಮ್ಸ್ ಚೆನ್ನಾಗಿ ಬಲ್ಲವನಾಗಿದ್ದ.

ಇರುಳೋದುಗ:

ಎಲ್ಲರ ಮಾತುಗಳನ್ನೂ ಓದಿದ ಮೇಲೆ, ನಾವು ಬಿಡಿ ಕಥೆಯ ಗುಣವನ್ನೇ ಹೇಳುತ್ತಿದ್ದೇವೆ, ಸಂಕಲನದ ಗುಣವನ್ನು ಪರಿವಿಡಿಯವರೊಬ್ಬರೇ ಮುಟ್ಟಿದ್ದಾರೆ ಎನ್ನಿಸಿತು. ಅವರ ಮಾತನ್ನು ನಾನು ಇನ್ನೂ ಸ್ವಲ್ಪ ಮುಂದಕ್ಕೆ ಒಯ್ಯುತ್ತೇನೆ.

ಕಾದಂಬರಿಯನ್ನು ಓದುವಾಗ ಐವತ್ತನೆಯ ಪುಟದ ಹೊತ್ತಿಗೆ ಓದುಗನಿಗೂ ಕೃತಿಗೂ ಒಂದು ಒಪ್ಪಂದ ಏರ್ಪಟ್ಟಿರುತ್ತದೆ. ಈ ಲೋಕದಲ್ಲಿ ಸತ್ತವರು ಏಳುತ್ತಾರೆಯೇ, ಮಕ್ಕಳಿಗೆ ಅಪಾಯವಾಗಬಹುದೇ, ಹಗಲು ಸುರಕ್ಷಿತವೇ ಎಂಬುದೆಲ್ಲ ತಕ್ಕಮಟ್ಟಿಗೆ ಗೊತ್ತಾಗಿರುತ್ತದೆ. ಸಂಕಲನದಲ್ಲಿ ಪ್ರತಿ ಶೀರ್ಷಿಕೆಯ ಕೆಳಗೂ ಆ ಒಪ್ಪಂದ ರದ್ದಾಗುತ್ತದೆ. ಹಿಂದಿನ ಕಥೆಯಲ್ಲಿ ನಾಯಕ ಉಳಿದುಕೊಂಡದ್ದು ಇಲ್ಲಿ ಏನನ್ನೂ ಖಾತರಿಪಡಿಸುವುದಿಲ್ಲ. ಬೇತಾಳನ ಕಥೆಗಳಲ್ಲಿ ಭಯ ಸವೆಯುವುದಕ್ಕೆ ಕಾರಣ ಪುನರಾವೃತ್ತಿಯೊಂದೇ ಅಲ್ಲ, ಅಲ್ಲಿ ನಿಯಮ ಬದಲಾಗದಿರುವುದು: ಮಾತಾಡಿದರೆ ಹೆಣ ಮರಕ್ಕೆ ಹೋಗುತ್ತದೆ, ಪ್ರತಿ ಬಾರಿಯೂ. ಕೊನೆಯ ಒಗಟಿಗೆ ರಾಜನ ಬಳಿ ಉತ್ತರವಿಲ್ಲದೆ ಅವನು ಸುಮ್ಮನೆ ನಡೆದಾಗ, ಹೆಣ ತರಲು ಹೇಳಿದ ಭಿಕ್ಷುವೇ ಕೊಲೆಗಡುಕ ಎಂದು ಬೇತಾಳ ತಿಳಿಸುತ್ತದಲ್ಲ, ಆ ಕ್ಷಣ ನಿಯಮ ಮುರಿಯುತ್ತದೆ, ಭಯ ಮರಳುತ್ತದೆ. ದೀರ್ಘಕಥನರ ಉದಾಹರಣೆ ನನ್ನ ಪಕ್ಷಕ್ಕೇ ಸಾಕ್ಷಿ ಹೇಳುತ್ತದೆ.

ಒಪ್ಪಂದವೇ ಇಲ್ಲದ ಓದು ಎಷ್ಟು ದೂರ ಹೋಗಬಲ್ಲದೆಂಬುದಕ್ಕೆ ಶರ್ಲಿ ಜಾಕ್ಸನ್‌ಳ ‘ದಿ ಲಾಟರಿ’ ಸಾಕ್ಷಿ. 1948ರ ಜೂನ್ 26ರ ‘ನ್ಯೂ ಯಾರ್ಕರ್’ ಸಂಚಿಕೆಯಲ್ಲಿ ಅದು ಬಂದಾಗ ಅದಕ್ಕೆ ಭಯಾನಕ ಕಥೆಯೆಂಬ ಹಣೆಪಟ್ಟಿ ಇರಲಿಲ್ಲ. ಬಿಸಿಲಿನ ಬೆಳಗು, ಊರಿನ ಜನ ಚೌಕದಲ್ಲಿ ಸೇರುತ್ತಿದ್ದಾರೆ, ಹುಡುಗರು ನುಣುಪಾದ ಕಲ್ಲುಗಳನ್ನು ಆರಿಸಿ ಗುಡ್ಡೆ ಹಾಕುತ್ತಿದ್ದಾರೆ. ಆ ಕಲ್ಲುಗಳು ಎರಡನೆಯ ಪ್ಯಾರಾದಲ್ಲೇ ಕಣ್ಣೆದುರಿಗಿವೆ. ಅವು ಯಾತಕ್ಕೆಂದು ಕೊನೆಯವರೆಗೂ ಯಾರೂ ಹೇಳುವುದಿಲ್ಲ; ಕೊನೆಗೆ ಲಾಟರಿಯಲ್ಲಿ ಚೀಟಿ ಬಂದವಳ ಮೇಲೆ ಊರವರೇ ಅವನ್ನು ಎಸೆಯುತ್ತಾರೆ. ಆ ಬೇಸಗೆಯಲ್ಲಿ ತನಗೆ ಮುನ್ನೂರಕ್ಕೂ ಮಿಕ್ಕಿ ಪತ್ರಗಳು ಬಂದವೆಂದು ಜಾಕ್ಸನ್ ಮುಂದೆ ಹೇಳಿಕೊಂಡಳು. ಬೈದವರು, ಗೊಂದಲಗೊಂಡವರು ಸರಿ. ಇಂಥ ಲಾಟರಿ ಎಲ್ಲಿ ನಡೆಯುತ್ತದೆ, ಹೋಗಿ ನೋಡಬಹುದೇ ಎಂದು ಕೇಳಿದವರೂ ಇದ್ದರಂತೆ. ಕಥೆಗಿಂತ ಆ ಪತ್ರಗಳೇ ಹೆಚ್ಚು ಹೆದರಿಸುತ್ತವೆ ಎಂದರೆ ತಪ್ಪಾಗದು.

ಹಳೆಪುಟ:

ಇರುಳೋದುಗರ ‘ಒಪ್ಪಂದ’ದ ಮಾತು ಹಲವು ಲೇಖಕರ ಕಥೆಗಳಿರುವ ಸಂಕಲನಕ್ಕೆ ಪೂರ್ತಿ ಸಲ್ಲುತ್ತದೆ. ಒಬ್ಬನೇ ಲೇಖಕನದಾದರೆ ಅಷ್ಟು ಸುಲಭವಲ್ಲ. ಮೂರು ಕಥೆ ಓದಿದವನಿಗೆ ಅವನ ಕೈಚಳಕ ತಿಳಿದುಬಿಡುತ್ತದೆ, ಪಿಶಾಚಿ ಬದಲಾದರೂ ಅದನ್ನು ತರುವ ದಾರಿ ಬದಲಾಗುವುದಿಲ್ಲ. ಆದರೆ ಅಲ್ಲಿ ಬೇರೊಂದು ಲಾಭವಿದೆ. ಒಬ್ಬ ಲೇಖಕ ಯಾವುದಕ್ಕೆ ಹೆದರುತ್ತಾನೆಂಬುದು ಒಂದು ಕಥೆಯಲ್ಲಿ ಗೊತ್ತಾಗದು, ಹತ್ತರಲ್ಲಿ ಗೊತ್ತಾಗುತ್ತದೆ. ಪೋನ ಕಥೆಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಜೀವಂತವಾಗಿ ಹೂಳಲ್ಪಡುವ, ಗೋಡೆಯೊಳಗೆ ಸೇರಿಹೋಗುವ ಭಯ ಎಷ್ಟು ವೇಷಗಳಲ್ಲಿ ಮರಳಿ ಬರುತ್ತದೆಂಬುದು ತಾನಾಗಿ ಕಾಣುತ್ತದೆ. ಜೇಮ್ಸ್‌ನಲ್ಲಿ ವಿದ್ವಾಂಸನೊಬ್ಬ ಕುತೂಹಲಕ್ಕೆಂದು ಯಾವುದೋ ಹಳೆಯ ವಸ್ತುವನ್ನು ಅದು ಇದ್ದ ಜಾಗದಿಂದ ಎತ್ತುವುದೇ ಎಷ್ಟೋ ಅನಾಹುತಗಳ ಮೊದಲು. ಓದಿನಲ್ಲೇ ಮುಳುಗಿದ್ದವನ ಭಯ ಅದು, ಸಹಜವೇ.

ಹೊಸಬ:

ಇಷ್ಟನ್ನೆಲ್ಲ ಓದಿದ ಮೇಲೆ ನನ್ನದೊಂದು ಸರಳ ಪ್ರಶ್ನೆ. ನಾನು ಈ ಬಗೆಯ ಸಾಹಿತ್ಯಕ್ಕೆ ಹೊಸಬ. ಸಂಕಲನವನ್ನು ಕೊಟ್ಟಿರುವ ಕ್ರಮದಲ್ಲೇ ಓದಬೇಕೆ, ಅಥವಾ ಶೀರ್ಷಿಕೆ ನೋಡಿ ಇಷ್ಟವಾದದ್ದನ್ನು ಆರಿಸಿಕೊಳ್ಳಬಹುದೆ? ಒಂದು ರಾತ್ರಿಗೆ ಎಷ್ಟು ಕಥೆಗಳು ಸಾಕು? ಎರಡು ಮೂರು ಓದಿದ ಮೇಲೆ ದೀರ್ಘಕಥನರು ಹೇಳಿದ ಹಾಗೆ ನನಗೂ ಮನಸ್ಸು ಜಡ್ಡುಗಟ್ಟುತ್ತದೆ, ಹೆದರಿಕೆ ಆಗುವುದಿಲ್ಲ.

ದೀರ್ಘಕಥನ:

ಜಡ್ಡುಗಟ್ಟಿದಾಗ ಒಂದು ಕಾದಂಬರಿ ಕೈಗೆತ್ತಿಕೊಳ್ಳಿ. ತಮಾಷೆಗೆ ಹೇಳುತ್ತಿಲ್ಲ.

ಪರಿವಿಡಿ:

ಹೊಸಬರೇ, ಒಬ್ಬನೇ ಲೇಖಕನ ಪುಸ್ತಕವಾದರೆ ಕ್ರಮವನ್ನು ಪಾಲಿಸಿ, ಏಕೆಂದರೆ ಯಾರೋ ಒಬ್ಬರು ಆ ಕ್ರಮಕ್ಕಾಗಿ ತಲೆ ಕೆಡಿಸಿಕೊಂಡಿರುತ್ತಾರೆ. ಹಲವರ ಕಥೆಗಳನ್ನು ಕಾಲಾನುಕ್ರಮದಲ್ಲಿ ಜೋಡಿಸಿದ ದಪ್ಪ ಸಂಪುಟವಾದರೆ ಹಿಂಜರಿಯದೆ ನಡುವಿನಿಂದ ಆರಂಭಿಸಿ. ಅಲ್ಲಿಯ ಕ್ರಮ ಅಧ್ಯಯನಕ್ಕೆ ಮಾಡಿದ್ದು, ಭಯಕ್ಕಲ್ಲ. ಒಂದು ರಾತ್ರಿಗೆ ಒಂದೇ ಕಥೆ ಸಾಕು. ಎರಡನೆಯದನ್ನು ಓದಲೇಬೇಕೆನ್ನಿಸಿದರೆ ಮೊದಲನೆಯದಕ್ಕೆ ಸಂಬಂಧವೇ ಇಲ್ಲದಂಥದನ್ನು ಆರಿಸಿಕೊಳ್ಳಿ. ಶೀರ್ಷಿಕೆಯ ಪಕ್ಕದ ಪುಟಸಂಖ್ಯೆಗಳನ್ನು ನೋಡಿ ಕಥೆ ಎಷ್ಟು ಉದ್ದವೆಂದು ಲೆಕ್ಕ ಹಾಕುವ ಚಟವಿದ್ದರೆ ಅದನ್ನು ಬಿಡುವುದು ಒಳ್ಳೆಯದು, ಇನ್ನು ಎರಡೇ ಪುಟವಿದೆ ಎಂದು ಗೊತ್ತಿರುವವನು ಎಚ್ಚರವಾಗಿಬಿಡುತ್ತಾನೆ. ಮುನ್ನುಡಿಯನ್ನಂತೂ ಕೊನೆಗೇ ಓದಿ. ಮುನ್ನುಡಿ ಬರೆಯುವವರಿಗೆ ತಮ್ಮ ಮೆಚ್ಚಿನ ಕಥೆಯ ಮುಕ್ತಾಯವನ್ನು ಬಾಯಿಬಿಡದೆ ಇರಲಾಗುವುದಿಲ್ಲ. ಅದನ್ನು ಅಚ್ಚಿಗೆ ಹೋಗುವ ಮುನ್ನ ಹೊಡೆದು ಹಾಕಲು ನಾನು ಮಾಡಿದ ಜಗಳಗಳಲ್ಲಿ ಗೆದ್ದದ್ದಕ್ಕಿಂತ ಸೋತದ್ದೇ ಹೆಚ್ಚು.